ಮಾತಾಡಿಸಿಕೊಂಡು ಬರುವ ಕೆಲಸ



ಕಾಲೇಜು ಮುಗಿಸಿ ಹತ್ತು ವರ್ಷ ದಾಟಿದ ಐವರು ಗೆಳೆಯರು ಒಂದು ಶನಿವಾರ, ಒಂದು ಭಾನುವಾರ ಒಟ್ಟಿಗೆ ಕಳೆಯಬೇಕೆಂದರೆ ಎಷ್ಟು ಕಾಲದ ತಯಾರಿ ಬೇಕು, ಬಲ್ಲಿರಾ? ನಮಗೆ ಎಂಟು ತಿಂಗಳು ಬೇಕಾಯಿತು. ಗಣಪತಿ ಹಬ್ಬಕ್ಕೆ ಮೊದಲು ಎಂದುಕೊಂಡದ್ದು ದೀಪಾವಳಿಗೆ ಹೋಯಿತು, ದೀಪಾವಳಿಯದು ಹೊಸ ವರ್ಷಕ್ಕೆ ಹೋಯಿತು. ಒಬ್ಬಳ ಮಗುವಿಗೆ ಜ್ವರ, ಒಬ್ಬನಿಗೆ ಬ್ಯಾಂಕಿನ ಆಡಿಟ್, ಇನ್ನೊಬ್ಬನ ಮಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕಾಲೇಜಿನಲ್ಲಿದ್ದಾಗ ಕೊನೆಯ ಪಿರಿಯಡ್ಡಿನ ಗಂಟೆ ಹೊಡೆಯುವ ಮೊದಲೇ ಎಲ್ಲಿಗೆ ಹೋಗುವುದೆಂದು ತೀರ್ಮಾನವಾಗಿ ಬಿಡುತ್ತಿತ್ತು ಎಂಬುದನ್ನು ನೆನೆದರೆ ಈಗ ನಗು ಬರುತ್ತದೆ.

ಕೊನೆಗೂ 2025ರ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಕರ್ಜತ್ ಲೋಕಲ್ ಹಿಡಿದು ನೇರಳ್ ಸ್ಟೇಷನ್ನಿನಲ್ಲಿ ಇಳಿದೆವು. ಹೋಗಬೇಕಾದದ್ದು ಮಾಥೇರಾನ್‌ಗೆ.

ಗೆಳೆಯರ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಕೆಲವರಿಗೆ ಗುರುತು ಸಿಕ್ಕೀತು. ಅಪ್ಪಂದಿರ ಊರಿನಿಂದಲೇ ಕರೆಯುತ್ತೇನೆ. ಐವರೂ ಹುಟ್ಟಿದ್ದು, ಬೆಳೆದದ್ದು ಮುಂಬಯಿಯಲ್ಲಿಯೇ ಆದರೂ ಕಾಲೇಜಿನಲ್ಲಿ ನಮ್ಮ ನಮ್ಮೊಳಗೆ ಹಾಗೆಯೇ ಕರೆದುಕೊಳ್ಳುತ್ತಿದ್ದೆವು. ಧಾರವಾಡದವನು ಈಗ ಬ್ಯಾಂಕಿನಲ್ಲಿದ್ದಾನೆ, ಬದ್ಲಾಪುರದಲ್ಲಿ ಫ್ಲ್ಯಾಟು ಕೊಂಡು ಇಪ್ಪತ್ತು ವರ್ಷದ ಕಂತು ಕಟ್ಟುತ್ತಿದ್ದಾನೆ. ಕಾರ್ಕಳದವಳು ಸಿಎ ಮಾಡಿ ಪುಣೆ ಸೇರಿದ್ದಾಳೆ, ಎರಡು ವರ್ಷದ ಮಗುವನ್ನು ಅತ್ತೆಯ ಕೈಗೊಪ್ಪಿಸಿ ಬಂದಿದ್ದಳು. ಹಾಸನದವನು ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯಲ್ಲಿದ್ದಾನೆ. ಮುಂಬಯಿಯಲ್ಲಿ ಅವನನ್ನು ಮದ್ರಾಸಿ ಎನ್ನುತ್ತಿದ್ದರು, ಬೆಂಗಳೂರಿನಲ್ಲಿ ಅವನ ಕನ್ನಡ ಕೇಳಿ ಹಿಂದಿಯವನು ಎನ್ನುತ್ತಾರಂತೆ. ನಾನು ಸಾಗರದ ಕಡೆಯ ಪೈಕಿ. ಐದನೆಯವನು ಕುಂದಾಪುರದವನು. ಅವನು ಬರುತ್ತಾನೋ ಇಲ್ಲವೋ ಎಂಬುದು ಶನಿವಾರ ಬೆಳಿಗ್ಗೆಯವರೆಗೂ ಗೊತ್ತಿರಲಿಲ್ಲ.

ನೇರಳ್‌ನಿಂದ ಬೆಟ್ಟದ ಮೇಲಕ್ಕೆ ಪುಟ್ಟ ರೈಲಿದೆ. 1907ರಲ್ಲಿ ಆರಂಭವಾದ, ಎರಡೇ ಅಡಿ ಅಗಲದ ಹಳಿಯ ಮೇಲೆ 21 ಕಿಲೋಮೀಟರ್ ಸುತ್ತಿ ಸುತ್ತಿ ಏರುವ ಗಾಡಿ. ನಾವು ಹೋಗುವಷ್ಟರಲ್ಲಿ ಅದರ ಟಿಕೆಟ್ ಮುಗಿದಿತ್ತು. ಟ್ಯಾಕ್ಸಿಯಲ್ಲಿ ದಸ್ತೂರಿ ನಾಕಾದವರೆಗೆ ಹೋಗಿ, ಅಲ್ಲಿಂದ ಕೆಂಪು ಮಣ್ಣಿನ ದಾರಿಯಲ್ಲಿ ನಡೆದೆವು. ಮಾಥೇರಾನ್ ಊರೊಳಕ್ಕೆ ಕಾರು, ಮೋಟಾರ್ ಸೈಕಲ್ಲು ಬಿಡುವುದಿಲ್ಲವಷ್ಟೆ. ಕಾಲೇಜು ದಿನಗಳಲ್ಲಿ ಓಡುತ್ತ ಹತ್ತಿದ್ದ ದಾರಿ ಅದು. ಈ ಸಲ ಧಾರವಾಡದವನು ನಾಲ್ಕು ಕಡೆ ಕುಳಿತ. ‘ಕಂತಿನ ಭಾರಲೇ’ ಎಂದ.

ಆ ಹಗಲು ಹೇಗೆ ಕಳೆಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಇಂಥ ಕೂಟಗಳಿಗೆ ನೀವೂ ಹೋಗಿರುತ್ತೀರಿ, ಇಲ್ಲವೇ ಇನ್ನು ಕೆಲವು ವರ್ಷಗಳಲ್ಲಿ ಹೋಗುತ್ತೀರಿ. ಧಾರವಾಡದವನ ತಾಯಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹರಡಿಕೊಂಡು ಷಾರ್ಲಟ್ ಕೆರೆಯ ಹತ್ತಿರ ಕುಳಿತೆವು. ಮಂಗಗಳಿಗೂ ಒಂದು ಪಾಲು ಹೋಯಿತು. ಎಕೋ ಪಾಯಿಂಟಿನಲ್ಲಿ ನಿಂತು ನಮ್ಮ ಅಕೌಂಟೆನ್ಸಿ ಮೇಷ್ಟರ ಅಡ್ಡಹೆಸರನ್ನು ಕೂಗಿದೆವು, ಬೆಟ್ಟವೂ ಅದನ್ನೇ ಕೂಗಿತು. ಮಾತಿಗೆ ಬರವಿರಲಿಲ್ಲ. ಮನೆಯ ಬೆಲೆ, ಮಗುವಿನ ಸ್ಕೂಲ್ ಅಡ್ಮಿಷನ್, ಯಾರ ತಲೆ ಎಷ್ಟು ಬೋಳಾಯಿತು, ಯಾರ ಬಾಸು ಹೇಗೆ ಕಾಡುತ್ತಾನೆ. ಒಬ್ಬರು ಮಾತು ಮುಗಿಸುವ ಮೊದಲೇ ಇನ್ನೊಬ್ಬರು ಆರಂಭಿಸುತ್ತಿದ್ದರು. ಎಲ್ಲರೂ ಮಾತಾಡಿದೆವು. ಯಾರು ಯಾರ ಮಾತನ್ನು ಕೇಳಿದರು ಎಂದರೆ ಹೇಳುವುದು ಕಷ್ಟ.

ಕುಂದಾಪುರದವನ ಮಾತು ಬಂದಾಗ ಮಾತ್ರ ಎಲ್ಲರ ಸ್ವರ ಸ್ವಲ್ಪ ಬಿಗಿಯಾಯಿತು. ‘ಅವನು ಬದಲಾಗಿದ್ದಾನೆ. ಗ್ರೂಪಿನಲ್ಲಿ ಒಂದು ಮಾತಿಲ್ಲ, ಕತೆಯಿಲ್ಲ. ಊರಿಗೆ ಹೋಗಿ ಮದುವೆ ಮಾಡಿಕೊಂಡು ಬಂದ, ಒಂದು ಕಾಗದ ಕೂಡ ಕಳಿಸಲಿಲ್ಲ’ ಎಂದು ಕಾರ್ಕಳದವಳೇ ಹೇಳಿದಳು. ಹಾಗೆ ಹೇಳುತ್ತಲೇ ಮೂರು ಸಲ ಫೋನು ಮಾಡಿ ಅವನನ್ನು ಒಪ್ಪಿಸಿದ್ದವಳೂ ಅವಳೇ.

ಇಲ್ಲಿ ಅವನ ಅಪ್ಪನ ವಿಷಯ ಹೇಳಬೇಕು. ನಾವು ಓದಿದ್ದು ಮಾಟುಂಗಾದಲ್ಲಿ. ತಿಂಗಳ ಮೊದಲ ವಾರ ಕೈಯಲ್ಲಿ ಕಾಸಿದ್ದಾಗ ಸ್ಟೇಷನ್ನಿನ ಹತ್ತಿರ, 1942ರಿಂದ ಊಟ ಹಾಕುತ್ತ ಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಹೋಗುತ್ತಿದ್ದೆವು. ಉಳಿದ ಮೂರು ವಾರ ನಮಗೆ ಗತಿ ಕುಂದಾಪುರದವನ ಅಪ್ಪನ ಹೋಟೆಲೇ. ಅದು ಅವರ ಸ್ವಂತದ್ದಲ್ಲ, ಕಂಡಕ್ಟಿಂಗ್ ಮೇಲೆ ನಡೆಸುತ್ತಿದ್ದದ್ದು. ಆರು ಮೇಜು, ಒಂದು ಗಲ್ಲಾ. ಗಲ್ಲಾದಿಂದಲೇ ಅವರು ‘ಉಂಡ್ರ್ಯಾ ಮಕ್ಳೆ?’ ಎಂದು ಕೂಗುತ್ತಿದ್ದರು. ಉತ್ತರಕ್ಕೆ ಕಾಯದೆ ಬನ್ಸ್ ಕಳಿಸುತ್ತಿದ್ದರು. ನಮ್ಮ ಎಷ್ಟು ಬಿಲ್ಲುಗಳು ಬಾಕಿಯಾದವು, ಎಷ್ಟು ಸಂದವು ಎಂಬುದಕ್ಕೆ ನಮ್ಮಲ್ಲಂತೂ ಲೆಕ್ಕವಿಲ್ಲ. ಅವನು ಅವರನ್ನು ಅಪ್ಪಯ್ಯ ಎನ್ನುತ್ತಿದ್ದ. ನಮಗೂ ಅವರು ಅಪ್ಪಯ್ಯನೇ ಆದರು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹೋಟೆಲು ಮುಚ್ಚಿತು. ಹುಡುಗರು ಊರಿಗೆ ಹೋದರು, ಬಾಡಿಗೆ ಏರುತ್ತ ಹೋಯಿತು. ಆ ವರ್ಷದ ದೀಪಾವಳಿಯ ಹೊತ್ತಿಗೆ ಕೀಲಿಕೈಯನ್ನು ಮಾಲೀಕರಿಗೆ ಒಪ್ಪಿಸಬೇಕಾಯಿತು. 2021ರ ಏಪ್ರಿಲ್, ಎರಡನೆಯ ಅಲೆಯಲ್ಲಿ ಅಪ್ಪಯ್ಯ ತೀರಿಕೊಂಡರು. ಸುದ್ದಿ ಬಂದದ್ದು ಗ್ರೂಪಿನಲ್ಲಿ, ಒಂದು ಸಾಲು. ನಾವೆಲ್ಲ ಕೈಮುಗಿದ ಚಿತ್ರ ಹಾಕಿದೆವು. ನಾನು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ. ಮೂರನೆಯ ದಿನ ಯಾರೋ ಆಕ್ಸಿಜನ್ ಸಿಲಿಂಡರಿನ ನಂಬರು ಹಾಕಿದರು, ಮಾತು ಅತ್ತ ಹೊರಳಿತು.

ಶನಿವಾರ ಸಂಜೆ ಕತ್ತಲಾಗುವ ಹೊತ್ತಿಗೆ ಕುಂದಾಪುರದವನು ಬಂದೇ ಬಂದ. ಬೂಟಿನ ತುಂಬ ಕೆಂಪು ಧೂಳು, ಕೈಯಲ್ಲಿ ಸ್ಟೀಲ್ ಡಬ್ಬಿ. ‘ಅಮ್ಮ ಕಳಿಸಿದ್ದು. ಕಾಲೇಜ್ ಮಕ್ಕಳಿಗೆ ಅಂತ.’ ಡಬ್ಬಿಯಲ್ಲಿ ಬನ್ಸ್ ಇತ್ತು. ಎಲ್ಲರೂ ಕೂಗಾಡಿದೆವು, ಅಪ್ಪಿಕೊಂಡೆವು. ಅವನೂ ನಕ್ಕ. ಬಾಯಿಗೆ ಬನ್ಸ್ ಹಾಕಿಕೊಂಡ ಹಾಸನದವನು ಕಣ್ಣು ಮುಚ್ಚಿ, ‘ಅದೇ ರುಚಿ ಕಣೋ! ಅಪ್ಪಯ್ಯ ಹೇಗಿದ್ದಾರೆ?’ ಎಂದು ಕೇಳಿಬಿಟ್ಟ.

ಹಾಸನದವನು 2020ರಲ್ಲಿ ನಂಬರು ಬದಲಿಸಿದಾಗ ಗ್ರೂಪಿನಿಂದ ತಪ್ಪಿಹೋಗಿದ್ದ. ಮತ್ತೆ ಸೇರಿದ್ದು ಹಿಂದಿನ ಬೇಸಿಗೆಯಲ್ಲಿ. ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಹೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಕುಂದಾಪುರದವನು ಡಬ್ಬಿಯ ಮುಚ್ಚಳ ಹಾಕುತ್ತ, ‘ಇದ್ದಾರೆ ಮಾರಾಯ. ಗೋಡೆ ಮೇಲೆ’ ಎಂದ. ಆಮೇಲೆ ತಲೆನೋವು ಎಂದು ಹೇಳಿ ಬೇಗ ಮಲಗಿದ.

ಮಿತ್ರರೇ, ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನೆನಪಾದದ್ದು ನಮ್ಮ ಮನೆಯ ಭಾನುವಾರಗಳು. ನಿಮ್ಮ ಮನೆಯಲ್ಲೂ ಅಂಥವು ಇದ್ದಿರಬೇಕು. ಗೋರೆಗಾಂವ್‌ನಿಂದ ದಾದರ್‌ಗೆ ಬಂದು, ಸೇತುವೆ ದಾಟಿ ಗಾಡಿ ಬದಲಿಸಿ ಡೊಂಬಿವಲಿಗೋ ಅಂಬರನಾಥಕ್ಕೋ ಹೋಗುವುದು. ಅಲ್ಲಿ ನಮ್ಮ ಸೀಮೆಯವರ ಮನೆಯಲ್ಲಿ ಯಾರೋ ತೀರಿಕೊಂಡಿರುತ್ತಿದ್ದರು. ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು: ‘ಮಾತಾಡಿಸ್ಕೊಂಡು ಬರೋಣ, ನಡಿ.’ ಕ್ರಿಕೆಟ್ ಮ್ಯಾಚು ಬಿಟ್ಟು ಹೋಗಬೇಕಲ್ಲ ಎಂದು ನನಗೆ ಸಿಟ್ಟು. ಮಂಚದ ಅಂಚಿನಲ್ಲಿ ಕುಳಿತು ಗೋಡೆಯ ಕ್ಯಾಲೆಂಡರು ನೋಡುತ್ತ ಒಂದು ಗಂಟೆ ಕಳೆಯಬೇಕಾಗಿತ್ತು.

ನಾವು ಯಾರಾದರೂ ಸತ್ತ ಮನೆಗೆ ‘ನೋಡಿಕೊಂಡು’ ಬರುವುದಿಲ್ಲ, ‘ಸಮಾಧಾನ ಹೇಳಿ’ ಬರುತ್ತೇವೆಂದು ಕೂಡ ಹೊರಡುವುದಿಲ್ಲ. ‘ಮಾತಾಡಿಸಿಕೊಂಡು’ ಬರುತ್ತೇವೆ. ಮಾತಾಡುವುದು ಬೇರೆ, ಮಾತಾಡಿಸುವುದು ಬೇರೆ. ಊಟ ಮಾಡುವವರು ನಾವಾದರೆ, ಊಟ ಮಾಡಿಸಿದಾಗ ಉಣ್ಣುವವರು ಇನ್ನೊಬ್ಬರು. ಹಾಗೆಯೇ ಮಾತಾಡಿಸುವುದೆಂದರೆ ಎದುರಿನವರ ಬಾಯಿಂದ ಮಾತು ಹೊರಡುವಂತೆ ಮಾಡುವುದು. ಹೋದವರ ಕೆಲಸ ಅಷ್ಟೇ.

ಅಮ್ಮ ಅದನ್ನು ಮಾಡುತ್ತಿದ್ದ ಕ್ರಮ ಈಗ ನನಗೆ ಸ್ಪಷ್ಟವಾಗಿ ನೆನಪಾಗುತ್ತದೆ. ಹೋಗಿ ಕುಳಿತು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೇಗಾಯ್ತು?’ ಎಂದು ಕೇಳುತ್ತಿದ್ದಳು. ಮನೆಯವರು ಆರಂಭಿಸುತ್ತಿದ್ದರು. ಬೆಳಿಗ್ಗೆ ಎದ್ದಾಗ ಚೆನ್ನಾಗಿಯೇ ಇದ್ದರು, ಕಾಫಿ ಕುಡಿದರು, ಎದೆ ಹಿಡಿದಂತಾಯಿತು ಎಂದರು... ಹೀಗೆ ಮೊದಲಿನಿಂದ ಕೊನೆಯವರೆಗೆ. ಅಷ್ಟರಲ್ಲಿ ಇನ್ನೊಬ್ಬರು ಬಂದರೆ ಮತ್ತೆ ‘ಹೇಗಾಯ್ತು?’, ಮತ್ತೆ ಮೊದಲಿನಿಂದ. ಇದೇನು ಒಂದೇ ಕತೆಯನ್ನು ಎಷ್ಟು ಸಲ ಹೇಳಿಸುತ್ತಾರೆ ಎಂದು ನನಗೆ ಆಗ ಅನಿಸುತ್ತಿತ್ತು. ಹದಿಮೂರು ದಿನ ಕಳೆಯುವಷ್ಟರಲ್ಲಿ ಅವರು ಅದನ್ನು ನಲವತ್ತು ಸಲ ಹೇಳಿರುತ್ತಿದ್ದರು. ಮೊದಲ ದಿನ ಅಳದೆ ಹೇಳಲಾಗದಿದ್ದದ್ದನ್ನು ಹದಿಮೂರನೆಯ ದಿನ ಹೇಳಬಲ್ಲವರಾಗಿರುತ್ತಿದ್ದರು. ಅದೇ ಅದರ ಉಪಯೋಗ ಎಂಬುದು ನನಗೆ ಮಾಥೇರಾನ್‌ನ ಆ ಲಾಡ್ಜಿನಲ್ಲಿ, ನನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ಹೊಳೆಯಿತು.

ನಮ್ಮ ಕುಂದಾಪುರದವನನ್ನು ಒಬ್ಬರೂ ಒಂದು ಸಲವೂ ಕೇಳಿರಲಿಲ್ಲ.

ಲಾಕ್‌ಡೌನ್ ಇತ್ತಲ್ಲ ಎನ್ನುತ್ತೀರಿ. ನಿಜ. 2021ರ ಏಪ್ರಿಲ್ ಕೊನೆಯಿಂದ ಲೋಕಲ್ ಗಾಡಿ ಅಗತ್ಯ ಸೇವೆಯವರಿಗೆ ಮಾತ್ರವಿತ್ತು. ಆದರೆ ಆ ವರ್ಷದ ಆಗಸ್ಟ್ 15ರಿಂದ ಎರಡು ಲಸಿಕೆ ಆದವರಿಗೆ ಅದೇ ಲೋಕಲ್ ತೆರೆಯಿತು. ನಾನು ಆ ಗಾಡಿ ಹತ್ತಿ ಆಫೀಸಿಗೆ ಹೋದೆ, ಸಿನಿಮಾಕ್ಕೆ ಹೋದೆ, ಡೊಂಬಿವಲಿಯನ್ನು ಹಾದು ಎಷ್ಟೋ ಸಲ ಕಲ್ಯಾಣಕ್ಕೆ ಹೋದೆ. ಡೊಂಬಿವಲಿಯಲ್ಲಿ ಇಳಿಯಲಿಲ್ಲ. ಲಾಕ್‌ಡೌನ್ ಎಂಬ ನೆವ ನಮಗೆ ಸುಮಾರು ನಾಲ್ಕು ವರ್ಷ ಬಾಳಿಕೆ ಬಂತು. ಅಷ್ಟು ಕಾಲವಾದ ಮೇಲೆ ಹೋಗಿ ಏನು ಹೇಳುವುದು ಎಂಬ ಸಂಕೋಚ ಅದರ ಮೇಲೆ ಬೆಳೆಯಿತು. ಮದುವೆಗೆ ಕರೆಯಲಿಲ್ಲ ಎಂಬ ದೂರು ಸಿಕ್ಕಿದ ಮೇಲಂತೂ ನಮ್ಮ ತಪ್ಪು ಪೂರ್ತಿ ಮುಚ್ಚಿಹೋಯಿತು.

ಭಾನುವಾರ ಮಧ್ಯಾಹ್ನ ಇಳಿಯುವಾಗ ಪುಟ್ಟ ರೈಲಿನ ಟಿಕೆಟ್ ಸಿಕ್ಕಿತು. ಮಂಡಿಗೆ ಮಂಡಿ ತಾಗುವ ಡಬ್ಬಿ. 21 ಕಿಲೋಮೀಟರಿಗೆ ಎರಡು ಗಂಟೆಗೂ ಮಿಕ್ಕಿ ಹಿಡಿಯುವ ಗಾಡಿ. ತಿರುವಿನಲ್ಲಿ ಫೋನಿಗೆ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದೆವು. ಅಮನ್ ಲಾಡ್ಜ್ ದಾಟಿದ ಮೇಲೆ ಧಾರವಾಡದವನು ಕುಂದಾಪುರದವನ ತೊಡೆಯ ಮೇಲೆ ಕೈಯಿಟ್ಟು ಕೇಳಿದ: ‘ಹ್ಯಾಂಗಾತಲೇ?’

ಅಷ್ಟೇ ಕೇಳಿದ್ದು. ಕ್ಷಮಿಸು ಎನ್ನಲಿಲ್ಲ, ಕೆಲಸವಿತ್ತು ಎಂದು ಕಾರಣ ಹೇಳಲಿಲ್ಲ. ಅವನ ಅಜ್ಜಿ ಕೇಳುತ್ತಿದ್ದ ಹಾಗೆಯೇ ಕೇಳಿದನೆಂದು ಆಮೇಲೆ ಹೇಳಿದ.

ಕುಂದಾಪುರದವನು ಮೊದಲು ಹಿಂದಿಯಲ್ಲಿ, ‘ಛೋಡ್ ನಾ ಯಾರ್’ ಎಂದ. ಧಾರವಾಡದವನು ಕೈ ತೆಗೆಯಲಿಲ್ಲ. ಒಂದು ತಿರುವು ಕಳೆಯಿತು. ಆಮೇಲೆ ಅವನು ಆರಂಭಿಸಿದ. ಜ್ವರ ಬಂದ ದಿನದಿಂದ. ಆಮ್ಲಜನಕ 88ಕ್ಕೆ ಇಳಿದದ್ದು, ರಿಕ್ಷಾದಲ್ಲಿ ಮೂರು ಆಸ್ಪತ್ರೆ ಸುತ್ತಿದ್ದು, ನಾಲ್ಕನೆಯದರಲ್ಲಿ ಹಾಸಿಗೆ ಸಿಕ್ಕಿದ್ದು, ಒಳಗೆ ಯಾರನ್ನೂ ಬಿಡದಿದ್ದದ್ದು. ಹೇಳುತ್ತ ಹೇಳುತ್ತ ಅವನ ಹಿಂದಿ ಎಲ್ಲೋ ಕಳಚಿಬಿತ್ತು, ಕುಂದಾಪುರದ ಕನ್ನಡ ಬಂತು. ಕಾಲೇಜಿನಲ್ಲಿ ನಾವು ಅಣಕಿಸಿ ನಗುತ್ತಿದ್ದ ಆ ಕನ್ನಡವನ್ನು ಅವನು ನಮ್ಮೆದುರು ಆಡುವುದನ್ನೇ ಬಿಟ್ಟಿದ್ದ. ಅಪ್ಪಯ್ಯನ ಮಾತನ್ನು ಬೇರೆ ಯಾವ ಭಾಷೆಯಲ್ಲಿ ಹೇಳಿಯಾನು?

ಒಂಬತ್ತನೆಯ ರಾತ್ರಿ ನರ್ಸು ಒಬ್ಬರು ತಮ್ಮ ಫೋನಿನಲ್ಲಿ ಮಾತಾಡಿಸಿದರಂತೆ. ಅಪ್ಪಯ್ಯನಿಗೆ ತಾವು ಎಲ್ಲಿದ್ದೇವೆಂಬ ಎಚ್ಚರ ಪೂರ್ತಿ ಇರಲಿಲ್ಲ. ಹೋಟೆಲಿನಲ್ಲಿದ್ದೇನೆಂದು ತಿಳಿದಿದ್ದರು. ‘ಗ್ಯಾಸ್ ಬಂದ್ ಮಾಡ್ದ್ಯಾ?’ ಎಂದು ಕೇಳಿದರು. ಹೋಟೆಲು ಹೋಗಿ ಆರು ತಿಂಗಳಾಗಿತ್ತು. ಇವನು ‘ಮಾಡ್ದೆ ಅಪ್ಪಯ್ಯ’ ಎಂದ. ‘ಹಂಗಾರೆ ಮನಿಕೋ’ ಎಂದರು. ಅದೇ ಕೊನೆಯ ಮಾತು.

‘ಸುಳ್ಳು ಹೇಳ್ದೆ ಅಲ್ದಾ?’ ಎಂದು ಅವನು ನಮ್ಮನ್ನು ಕೇಳಿದ. ‘ಇಷ್ಟು ದಿನ ಅದೇ ತಲೆಯಲ್ಲಿ ಸುತ್ತುತ್ತಾ ಇತ್ತು. ಯಾರ ಹತ್ತಿರ ಹೇಳುದು? ಅಮ್ಮನ ಹತ್ತಿರ ಹೇಳುಕಾತ್ತಾ?’

ನಾವು ಉತ್ತರ ಕೊಡಲಿಲ್ಲ. ಕಾರ್ಕಳದವಳು ಅಳುತ್ತಿದ್ದಳು. ಹಾಸನದವನು ಅವನ ಕೈ ಹಿಡಿದುಕೊಂಡಿದ್ದ. ಜುಮ್ಮಾಪಟ್ಟಿ ಸ್ಟೇಷನ್ ಬಂತು. ಗಾಡಿ ನಿಂತಿತು, ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ ಅವನೇ, ‘ಮದುವೆಗೆ ನಿಮ್ಮನ್ನು ಕರೀಬೇಕು ಅಂತ ಅಮ್ಮ ಹೇಳಿದ್ದಳು. ಅಪ್ಪಯ್ಯ ಹೋದಾಗ ಬಾರದವರು ಊಟಕ್ಕೆ ಎಂತಕ್ಕೆ ಅಂತ ನಾನೇ ಬೇಡ ಅಂದೆ’ ಎಂದ. ಹೇಳಿ ನಿರಾಳವಾದವನಂತೆ ಡಬ್ಬಿ ತೆಗೆದು ಉಳಿದ ಬನ್ಸ್ ಹಂಚಿದ. ಆ ಮಾತನ್ನು ಅವನು ಹೇಳಿದ್ದೇ ಒಳ್ಳೆಯದಾಯಿತು. ಹೇಳದೆ ಇದ್ದಿದ್ದರೆ ನಾವು ಇನ್ನೂ ಹತ್ತು ವರ್ಷ ಅವನು ಬದಲಾಗಿದ್ದಾನೆ ಎನ್ನುತ್ತಿದ್ದೆವು.

ಮುಂದಿನ ಭಾನುವಾರ ನಾನು, ಧಾರವಾಡದವನು ಡೊಂಬಿವಲಿಯಲ್ಲಿ ಇಳಿದೆವು. ಕಾರ್ಕಳದವಳು ಪುಣೆಯಿಂದ ಮಗುವನ್ನೂ ಎತ್ತಿಕೊಂಡು ಬಂದಳು. ಅಮ್ಮ ಬಾಗಿಲಲ್ಲೇ ನಿಂತಿದ್ದರು. ಗೋಡೆಯ ಮೇಲೆ ಅಪ್ಪಯ್ಯನ ಫೋಟೋ, ಗಲ್ಲಾದಲ್ಲಿ ಕುಳಿತಾಗ ತೆಗೆದದ್ದು. ನಾನು ಕಲಿತ ಪಾಠದಂತೆ ‘ಹೇಗಾಯ್ತು ಆಂಟಿ?’ ಎಂದು ಕೇಳಿದೆ. ಅವರು ಒಂದು ಗಂಟೆ ಹೇಳಿದರು. ಮಗ ಹೇಳಿದ್ದಕ್ಕಿಂತ ಬೇರೆಯದೇ ಕತೆ ಅದು. ಮನೆಯೊಳಗೆ ಒಬ್ಬರೇ ಕುಳಿತು ಕಾದವರ ಕತೆ. ನಡುವೆ ಒಮ್ಮೆ, ಅಪ್ಪಯ್ಯ ಮೊದಲ ಸಲ ಮಾಡಿದ ಬನ್ಸ್ ಕಲ್ಲಿನಂತಾಗಿತ್ತೆಂದು ಹೇಳಿ ನಕ್ಕರು. ಅಮ್ಮ ನಗುವುದನ್ನು ತಾನು ಬಹಳ ದಿನದ ಮೇಲೆ ನೋಡಿದೆನೆಂದು ಮಗ ಆಮೇಲೆ ಫೋನಿನಲ್ಲಿ ಹೇಳಿದ.

ನಮ್ಮಲ್ಲಿ ಯಾರ ಮನೆಯಿಂದ ಹೊರಡುವಾಗಲೂ ‘ಹೋಗ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರ್ತೇನೆ’ ಎನ್ನುತ್ತೇವೆ. ಸಾವಿನ ಮನೆಯಲ್ಲಿ ಮಾತ್ರ ಅದನ್ನೂ ಹೇಳುವಂತಿಲ್ಲ. ಮನೆಯವರೂ ‘ಬನ್ನಿ’ ಎನ್ನುವುದಿಲ್ಲ. ಸುಮ್ಮನೆ ಎದ್ದು ಬರಬೇಕೆಂದು ನನ್ನಮ್ಮ ಕಲಿಸಿದ್ದಳು. ಈಗ ಏನು ಮಾಡಬೇಕೆಂದು ತಿಳಿಯದೆ ಚಪ್ಪಲಿ ಹಾಕಿಕೊಳ್ಳುತ್ತ ನಿಂತೆವು. ಆ ತಾಯಿಯೇ, ‘ನಾಲ್ಕು ವರ್ಷ ಆಯ್ತಲ್ಲ ಮಕ್ಳೆ, ಈಗ ಹೇಳ್ಲಕ್ಕು. ಹೋಯಿ ಬನ್ನಿ’ ಎಂದರು. ‘ಬರ್ತೇವೆ’ ಎಂದೆವು.

ಮಿತ್ರರೇ, ನಿಮ್ಮ ವಯಸ್ಸು ಇಪ್ಪತ್ತೋ ಇಪ್ಪತ್ತೈದೋ ಇರಬಹುದು. ನಿಮ್ಮ ಗೆಳೆಯರ ತಂದೆತಾಯಿಯರು ಇನ್ನೂ ಗಟ್ಟಿಯಾಗಿದ್ದಾರೆ. ಇನ್ನು ಹತ್ತು ವರ್ಷದಲ್ಲಿ ಫೋನಿಗೆ ಅಂಥ ಒಂದು ಸಾಲು ಬರುತ್ತದೆ. ಆಗ ನೀವೂ ಕೈಮುಗಿದ ಚಿತ್ರ ಹಾಕುತ್ತೀರಿ, ಹಾಕಿ. ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ದೂರದ ಊರಿನವರಾದರೆ ಒಂದು ವಾರ ಬಿಟ್ಟು, ಬಂದವರೆಲ್ಲ ಹೋದ ಮೇಲೆ, ಫೋನು ಮಾಡಿ. ಹತ್ತಿರದವರಾದರೆ ಗಾಡಿ ಹತ್ತಿ. ಹೋಗಿ ಉಪದೇಶ ಮಾಡಬೇಡಿ, ನಿಮ್ಮ ಮನೆಯ ಸಾವಿನ ಕತೆ ತೆಗೆಯಬೇಡಿ. ‘ಹೇಗಾಯ್ತು?’ ಎಂದು ಕೇಳಿ, ಹೇಳುವಷ್ಟು ಹೊತ್ತು ಕುಳಿತಿರಿ. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಸುಮ್ಮನೆ ಜೊತೆಗೆ ಕುಳಿತರೂ ಸಾಕು. ತಡವಾಗಿದ್ದರೂ ಹೋಗಿ.

ಸಂಘದ ಕಾರ್ಯಕ್ರಮಗಳಲ್ಲಿ ನಿಮ್ಮಲ್ಲಿ ಹಲವರು ನನಗೆ ಹೇಳಿದ್ದುಂಟು, ‘ನಮಗೆ ಕನ್ನಡ ಓದಲು ತಡವರಿಕೆ, ಮಾತಾಡಲು ನಾಚಿಕೆ’ ಎಂದು. ಇರಲಿ. ಈ ಕೆಲಸಕ್ಕೆ ಒಂದೇ ಒಂದು ಪದ ಸಾಕು, ಅದನ್ನು ಈಗ ಓದಿದ್ದೀರಿ. ಉಳಿದ ಮಾತನ್ನು ಅವರೇ ಆಡುತ್ತಾರೆ.

ನಮ್ಮ ಮುಂದಿನ ಕೂಟ ಎಲ್ಲಿ ಎಂದು ಕೇಳಿದಿರಾ? ಡೊಂಬಿವಲಿಯಲ್ಲಿ. ಈ ಸಲ ತಾರೀಖು ಗೊತ್ತುಮಾಡಲು ಎಂಟು ತಿಂಗಳು ಹಿಡಿಯಲಿಲ್ಲ, ಎಂಟು ನಿಮಿಷ ಸಾಕಾಯಿತು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಹೋಗಿ ಬರುತ್ತೇನೆ.